ಒಂದು ಕಟ್ಟಡ, ಹಲವು ಕಾರುಗಳು: ಚಾರ್ಜಿಂಗ್ ಹಂಚಿಕೊಳ್ಳುವ ಬಗೆ

ಅಪಾರ್ಟ್‌ಮೆಂಟಿನಲ್ಲಿ ವಿದ್ಯುತ್ ಕಾರುಗಳು ಎರಡು ಮೂರಾದೊಡನೆ ನಿವಾಸಿಗಳ ಸಂಘದ ಸಭೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಇಷ್ಟಕ್ಕೆಲ್ಲ ಸಾಲುವಷ್ಟು ಕರೆಂಟ್ ನಮ್ಮಲ್ಲಿ ಇದೆಯೇ?’ ಎಂಬುದು. ಸಂಘದ ಸಮಿತಿಯಲ್ಲಿ ಈ ಕೆಲಸವನ್ನು ನೋಡಿಕೊಳ್ಳುತ್ತಿರುವ ನನಗೆ, ಯಾವ ಹೊತ್ತಿನಲ್ಲಿ ಎಷ್ಟು ಬೇಕು, ಅದನ್ನು ಹಂಚುವವರು ಯಾರು ಎಂಬ ಪ್ರಶ್ನೆಯೇ ಮೊದಲು ಬರಬೇಕು ಎನ್ನಿಸುತ್ತದೆ.

ಲೆಕ್ಕ ಸರಳವಾಗಿದೆ. ಸಾಮಾನ್ಯ ಕಾರೊಂದು 100 ಕಿ.ಮೀ. ಓಡಲು ಸುಮಾರು 15 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ 40 ಕಿ.ಮೀ. ಓಡಾಡುವವರಿಗೆ 6 ಯೂನಿಟ್ ಸಾಕು. 230 ವೋಲ್ಟ್‌ನಲ್ಲಿ 32 ಆಂಪಿಯರ್ ಕೊಡುವ ಚಾರ್ಜರಿನ ಸಾಮರ್ಥ್ಯ 7.4 ಕಿಲೋವ್ಯಾಟ್. ಸಂಜೆ ಎಲ್ಲರೂ ಕೆಲಸದಿಂದ ಮರಳಿ, ಲಿಫ್ಟು, ಪಂಪು, ಅಡುಗೆಮನೆಗಳೆಲ್ಲ ಒಟ್ಟಿಗೆ ನಡೆಯುತ್ತಿರುವ ಹೊತ್ತಿನಲ್ಲೇ ಇಂಥ ಹತ್ತು ಚಾರ್ಜರುಗಳು ಚಾಲೂ ಆದರೆ 74 ಕಿಲೋವ್ಯಾಟ್ ಹೊರೆ ಒಮ್ಮೆಗೇ ಬೀಳುತ್ತದೆ. ಅದೇ ಹತ್ತು ಕಾರುಗಳಿಗೆ ಬೇಕಾದ 60 ಯೂನಿಟ್ಟನ್ನು ರಾತ್ರಿಯ ಹತ್ತು ಗಂಟೆಗಳಿಗೆ ಹರಡಿದರೆ ಸರಾಸರಿ ಹೊರೆ 6 ಕಿಲೋವ್ಯಾಟ್ ಮಾತ್ರ. ದೂರದ ಪ್ರಯಾಣ ಮುಗಿಸಿ ಬಂದವರಿಗೆ ಹೆಚ್ಚು ಬೇಕಾಗುತ್ತದೆ, ನಿಜ. ಅದನ್ನು ಸೇರಿಸಿಕೊಂಡರೂ ಈ ಎರಡು ಅಂಕಿಗಳ ನಡುವಿನ ಅಂತರ ಬಹಳ ದೊಡ್ಡದು. ಹೊಸ ಟ್ರಾನ್ಸ್‌ಫಾರ್ಮರಿಗೆ ಹಣ ಕೂಡಿಸುವ ಮೊದಲು ಈ ಅಂತರವನ್ನು ಬಳಸಿಕೊಳ್ಳಲೇಬೇಕು.

ಇದನ್ನು ಸಾಧಿಸುವ ವ್ಯವಸ್ಥೆಯನ್ನು ಲೋಡ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಕಟ್ಟಡದ ಮುಖ್ಯ ಪ್ಯಾನೆಲ್ಲಿನಲ್ಲಿ ಕೂರಿಸಿದ ಮೀಟರ್, ಆ ಕ್ಷಣದಲ್ಲಿ ಇಡೀ ಕಟ್ಟಡ ಎಷ್ಟು ಎಳೆಯುತ್ತಿದೆ ಎಂಬುದನ್ನು ಅಳೆಯುತ್ತದೆ. ಉಳಿದಿರುವ ಪಾಲನ್ನು ನಿಯಂತ್ರಕವೊಂದು ಚಾರ್ಜರುಗಳಿಗೆ ಹಂಚುತ್ತದೆ. ಚಾರ್ಜರ್ ಕಾರಿಗೆ ಈ ಸುದ್ದಿಯನ್ನು ಮುಟ್ಟಿಸುವ ರೀತಿ ನನಗೆ ಬಹಳ ಮೆಚ್ಚುಗೆಯಾದದ್ದು. ಚಾರ್ಜಿಂಗ್ ಕೇಬಲ್ಲಿನಲ್ಲಿ ದಪ್ಪ ತಂತಿಗಳ ಜೊತೆಗೆ ತೆಳುವಾದ ಸಂಕೇತದ ತಂತಿಯೊಂದು ಇರುತ್ತದೆ. ಅದರಲ್ಲಿ ಸೆಕೆಂಡಿಗೆ 1000 ಮಿಡಿತಗಳು ಹರಿಯುತ್ತಿರುತ್ತವೆ. ಪ್ರತಿ ಮಿಡಿತ ತನ್ನ ಅವಧಿಯ ಅರ್ಧದಷ್ಟು ಹೊತ್ತು ಏರಿದ್ದರೆ ‘30 ಆಂಪಿಯರ್ ತನಕ ತೆಗೆದುಕೊಳ್ಳಬಹುದು’ ಎಂದೂ, ಹತ್ತನೇ ಒಂದರಷ್ಟು ಹೊತ್ತು ಮಾತ್ರ ಏರಿದ್ದರೆ ‘6 ಆಂಪಿಯರಿಗೆ ನಿಲ್ಲಿಸು’ ಎಂದೂ ಅರ್ಥ. ಮಿಡಿತದ ಅಗಲ ಬದಲಾದರೆ ಕಾರು ತಾನಾಗಿಯೇ ಹೊಂದಿಕೊಳ್ಳುತ್ತದೆ. ಮಾಲೀಕರು ನಿದ್ದೆಯಿಂದ ಏಳಬೇಕಾಗಿಲ್ಲ.

ಆದರೆ ಈ ರೀತಿಯಲ್ಲಿ 6 ಆಂಪಿಯರಿಗಿಂತ ಕೆಳಗೆ ಇಳಿಯಲು ಬರುವುದಿಲ್ಲ. ಉಳಿದಿರುವುದು 30 ಆಂಪಿಯರ್, ಕಾದಿರುವ ಕಾರುಗಳು ಎಂಟು ಎಂದಾದರೆ, ಐದಕ್ಕೆ ಮಾತ್ರ ಕೊಟ್ಟು ಉಳಿದವನ್ನು ಸರದಿಯಲ್ಲಿ ಇಡಬೇಕು. ಹೀಗೆ ನಡುವೆ ನಿಲ್ಲಿಸಿ ಮತ್ತೆ ಆರಂಭಿಸಿದಾಗ ಕೆಲವು ಕಾರುಗಳು ಎಚ್ಚರಗೊಳ್ಳದೆ ಹಾಗೆಯೇ ಉಳಿದುಬಿಡುವುದುಂಟು. ಆದ್ದರಿಂದ ವ್ಯವಸ್ಥೆಯನ್ನು ಒಪ್ಪಿಕೊಳ್ಳುವ ಮೊದಲು ಕಟ್ಟಡದಲ್ಲಿರುವ ಪ್ರತಿಯೊಂದು ಮಾದರಿಯ ಕಾರನ್ನೂ ಸಿಕ್ಕಿಸಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ನಿಯಂತ್ರಕದೊಂದಿಗಿನ ಸಂಪರ್ಕ ಕಡಿದುಹೋದರೆ ಚಾರ್ಜರುಗಳು ಸುರಕ್ಷಿತವಾದ ಕಡಿಮೆ ಮಟ್ಟಕ್ಕೆ ಇಳಿಯುತ್ತವೆಯೇ ಎಂಬುದನ್ನೂ ಆಗಲೇ ಪರೀಕ್ಷಿಸಬೇಕು. ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿರುವುದಿಲ್ಲ.

ಮೊದಲು ಕಾರು ಕೊಂಡವರು ತಮ್ಮ ಮನೆಯ ಮೀಟರಿನಿಂದ ತಮ್ಮದೇ ಲೈನ್ ಎಳೆದುಕೊಳ್ಳಲು ಅನುಮತಿ ಕೇಳುವುದು ಸಹಜ. ಅವರ ಅವಸರ ನನಗೆ ಅರ್ಥವಾಗುತ್ತದೆ, ಆದರೂ ನಾನು ಇದನ್ನು ವಿರೋಧಿಸುತ್ತೇನೆ. ಮೊದಲ ಕೆಲವರು ಇರುವ ಸಾಮರ್ಥ್ಯವನ್ನೆಲ್ಲ ತಮ್ಮ ಪಾಲಿಗೆ ಕಾಯ್ದಿರಿಸಿಕೊಂಡ ಮೇಲೆ, ನಂತರ ಬರುವವರಿಗೆ ಉಳಿಯುವುದು ‘ಇನ್ನು ಸಾಧ್ಯವಿಲ್ಲ’ ಎಂಬ ಉತ್ತರವೊಂದೇ. ಮುಖ್ಯ ಕೇಬಲ್, ಪ್ಯಾನೆಲ್, ಕೇಬಲ್ ಹಾಯುವ ದಾರಿ ಇವುಗಳನ್ನು ಸಂಘವೇ ಎಲ್ಲ ಪಾರ್ಕಿಂಗ್ ಜಾಗಗಳಿಗೂ ತಲುಪುವಂತೆ ಒಮ್ಮೆಗೇ ಮಾಡಿಸಿ, ಚಾರ್ಜರನ್ನು ಮಾತ್ರ ಬೇಕಾದವರು ಬೇಕಾದಾಗ ಹಾಕಿಸಿಕೊಳ್ಳುವುದು ನ್ಯಾಯವಾದ ದಾರಿ. ಕಾರಿಲ್ಲದವರು ಈ ಖರ್ಚನ್ನು ಆಕ್ಷೇಪಿಸುವುದು ತಪ್ಪಲ್ಲ. ಮೂಲ ಸೌಕರ್ಯದ ವೆಚ್ಚವನ್ನು ಸಂಘದ ನಿಧಿಯಿಂದ ಭರಿಸಿ, ಮುಂದೆ ಸಂಪರ್ಕ ಪಡೆಯುವ ಪ್ರತಿಯೊಬ್ಬರಿಂದಲೂ ಅದರ ಪಾಲನ್ನು ವಸೂಲು ಮಾಡಿ ನಿಧಿಗೆ ಮರಳಿಸುವ ಏರ್ಪಾಡು ಇದ್ದರೆ ಆ ಆಕ್ಷೇಪಕ್ಕೆ ಉತ್ತರ ಕೊಟ್ಟಂತಾಗುತ್ತದೆ.

ಬಿಲ್ಲಿನ ವಿಷಯದಲ್ಲಿ ಗಂಟೆಯ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬ್ಯಾಟರಿಗೆ ವಿದ್ಯುತ್ ತುಂಬಿಸಲು ಕಾರಿನೊಳಗೇ ಇರುವ ಚಾರ್ಜರ್ 3.3 ಕಿಲೋವ್ಯಾಟ್ ಮಾತ್ರ ತೆಗೆದುಕೊಳ್ಳಬಲ್ಲದಾಗಿದ್ದರೆ, ಅದರ ಮಾಲೀಕರು ಅಷ್ಟೇ ವಿದ್ಯುತ್ತಿಗೆ ಇತರರ ಎರಡರಷ್ಟು ತೆರಬೇಕಾಗುತ್ತದೆ. ಹೊರೆ ತಗ್ಗಿಸಲು ವ್ಯವಸ್ಥೆಯೇ ವೇಗ ಕಡಿಮೆ ಮಾಡಿದಾಗಲೂ ದಂಡ ಅವರಿಗೇ. ಪ್ರತಿ ಚಾರ್ಜರಿಗೂ ಸಬ್ ಮೀಟರ್ ಇಟ್ಟು ಯೂನಿಟ್ ಲೆಕ್ಕದಲ್ಲಿಯೇ ವಸೂಲು ಮಾಡಬೇಕು. ಕಾರಿನ ಪರದೆ ತೋರಿಸುವ ಯೂನಿಟ್ಟಿಗಿಂತ ಮೀಟರಿನ ಅಂಕಿ ಹೆಚ್ಚಾಗಿರುತ್ತದೆ ಎಂಬ ದೂರು ಖಂಡಿತ ಬರುತ್ತದೆ. ಲೈನಿನಲ್ಲಿ ಬರುವ ಪರ್ಯಾಯ ವಿದ್ಯುತ್ತನ್ನು (ಎ.ಸಿ.) ಬ್ಯಾಟರಿಗೆ ಬೇಕಾದ ನೇರ ವಿದ್ಯುತ್ತಾಗಿ (ಡಿ.ಸಿ.) ಪರಿವರ್ತಿಸುವಾಗ ಒಂದಿಷ್ಟು ಶಾಖವಾಗಿ ಹೋಗುತ್ತದೆ, ಅದೂ ಬಳಕೆಯೇ ಎಂಬುದನ್ನು ನಿಯಮಾವಳಿಯಲ್ಲಿಯೇ ಬರೆದಿಟ್ಟರೆ ಪ್ರತಿ ತಿಂಗಳೂ ವಿವರಿಸುವ ಶ್ರಮ ತಪ್ಪುತ್ತದೆ.

ಸುರಕ್ಷತೆಯಲ್ಲಿ ರಿಯಾಯಿತಿ ಸಲ್ಲದು. ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಕಾರು ಚಾರ್ಜ್ ಮಾಡುವುದನ್ನು ಪೂರ್ತಿಯಾಗಿ ನಿಷೇಧಿಸಬೇಕು. ಕೆಲ ನಿಮಿಷ ನಡೆಯುವ ಉಪಕರಣಕ್ಕೆ ತಡೆಯುವ ಸಾಕೆಟ್, ಗಂಟೆಗಟ್ಟಲೆ ಪೂರ್ತಿ ಹೊರೆ ಹೊತ್ತಾಗ ಕರಗುವ ಮಟ್ಟಕ್ಕೆ ಬಿಸಿಯಾಗಬಹುದು. ಪ್ರತಿ ಚಾರ್ಜರಿಗೂ ಸೋರಿಕೆಯ ರಕ್ಷಣೆ ಇರಬೇಕು. ಮಾಮೂಲಿ ಸಾಧನಗಳು ನೇರ ವಿದ್ಯುತ್ತಿನ ಸೋರಿಕೆಯನ್ನು ಗುರುತಿಸದೆ ಹೋಗಬಹುದಾದ್ದರಿಂದ, 6 ಮಿಲಿಆಂಪಿಯರ್ ನೇರ ಸೋರಿಕೆಯನ್ನು ಪತ್ತೆ ಮಾಡುವ ವ್ಯವಸ್ಥೆ ಚಾರ್ಜರಿನೊಳಗೇ ಇದೆಯೇ ಎಂದು ಖರೀದಿಗೆ ಮುನ್ನ ಕೇಳಬೇಕು.

ಸ್ವಂತ ಜಾಗವಿಲ್ಲದವರು ಸಾಮಾನ್ಯ ಚಾರ್ಜರನ್ನು ಹಂಚಿಕೊಳ್ಳುವ ಕಟ್ಟಡಗಳಲ್ಲಿ ಜಗಳ ಹುಟ್ಟುವುದು, ಚಾರ್ಜ್ ಮುಗಿದ ಮೇಲೂ ಅಲ್ಲೇ ನಿಂತಿರುವ ಕಾರಿನಿಂದ. ಹಗಲಿನಲ್ಲಿ, ಮುಗಿದ ಒಂದು ಗಂಟೆಯ ನಂತರ ಶುಲ್ಕ ಹಾಕುವುದು ಸರಿ. ರಾತ್ರಿ ಅದನ್ನು ಹಾಕಬಾರದು. ನಡುರಾತ್ರಿಯಲ್ಲಿ ಎದ್ದು ಹೋಗಿ ಕಾರು ಸರಿಸಿ ಎಂದು ವಯಸ್ಸಾದವರನ್ನೋ ಎಳೆಯ ಮಕ್ಕಳಿರುವ ಮನೆಯವರನ್ನೋ ಕೇಳುವ ನಿಯಮ ಉಳಿಯುವಂಥದ್ದಲ್ಲ. ಅದರ ಬದಲು ರಾತ್ರಿಯ ಸರದಿಯನ್ನು ವಾರದ ಮೊದಲೇ ಕಾಯ್ದಿರಿಸುವ ಪಟ್ಟಿಯೊಂದನ್ನು ಇಟ್ಟು, ತುರ್ತಿಗೆಂದು ಒಂದು ಚಾರ್ಜರನ್ನು ಪಟ್ಟಿಯಿಂದ ಹೊರಗೆ ಬಿಡಬೇಕೆಂದು ಮುಂದಿನ ಸಭೆಯ ಮುಂದೆ ಪ್ರಸ್ತಾಪ ಇಡುತ್ತಿದ್ದೇನೆ.