128 ಜಿಬಿ ಕಾರ್ಡ್ ಬಿಟ್ಟು 23 ಆಟಗಳ ಕಾರ್ಡ್ ಕಟ್ಟಿದ್ದು

ಮೊದಲ ವಾರ

ಹಳೆ ವಿಡಿಯೋ ಗೇಮ್‌ಗಳನ್ನು ಕೈಯಲ್ಲಿ ಹಿಡಿದು ಆಡುವ ಪುಟ್ಟ ಸಾಧನ ಮಿಯೂ ಮಿನಿ ಪ್ಲಸ್ ತಗೊಂಡು ಎರಡು ತಿಂಗಳಾಯಿತು. ಮೂರೂವರೆ ಇಂಚಿನ ಪರದೆ, ಅಂಗಿ ಜೇಬಿಗೆ ಕೂರುವ ಗಾತ್ರ. ವಾರಕ್ಕೊಮ್ಮೆ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ನನಗೆ ಇದು ತುಂಬಾ ಹಿಡಿಸಿತು. ಆಟಗಳನ್ನು ಇಡುವ ಮೆಮೊರಿ ಕಾರ್ಡನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಆನ್‌ಲೈನ್‌ನಲ್ಲಿ ಒಂದು ಸಿಕ್ಕಿತು: 128 ಜಿಬಿ, 9,000 ಆಟ ತುಂಬಿಸಿದ್ದು, 1,400 ರೂಪಾಯಿ. ಹಾಕಿದರೆ ಆಡುವುದೇ, ಬೇರೆ ಕೆಲಸ ಇಲ್ಲ ಅಂತ ತರಿಸಿದೆ.

ಪಟ್ಟಿ ನೋಡುತ್ತಾ ಹೋದರೆ ಒಂದೇ ಆಟ ನಾಲ್ಕು ಸಲ. ಜಪಾನಿನದೊಂದು, ಅಮೆರಿಕದ್ದೊಂದು, ಯುರೋಪಿನದೊಂದು, ಯಾರೋ ತಿದ್ದಿದ್ದು ಇನ್ನೊಂದು. ನಾನು ಚಿಕ್ಕವನಿದ್ದಾಗ ದಸರಾ ವಸ್ತುಪ್ರದರ್ಶನದಲ್ಲಿ ಅಪ್ಪ ಟಿವಿ ಗೇಮ್‌ನ ಹಳದಿ ಕ್ಯಾಸೆಟ್ ಕೊಡಿಸಿದ್ದರು. ಮೇಲೆ 99,999 ಆಟ ಅಂತ ಬರೆದಿತ್ತು. ಒಳಗಿದ್ದದ್ದು ಏಳು. ಅದೇ ಆಟ ಬೇರೆ ಬೇರೆ ಹಂತದಿಂದ ಶುರುವಾಗುತ್ತಿತ್ತು, ಅಷ್ಟೇ. ಆದರೆ ಆ ಏಳೂ ಪೂರ್ತಿ ಓಡುತ್ತಿದ್ದವು.

ಇದು ಓಡಲಿಲ್ಲ. ಅಕ್ಕನ ಮಗಳು ಭಾನುವಾರ ಬಂದಾಗ ಮೊದಲು ಕಂಡುಹಿಡಿದದ್ದು ಅವಳೇ. "ಮಾಮ, ಹೆಸರು ಇದೆ. ಒತ್ತಿದ್ರೆ ಕಪ್ಪಾಗಿ ವಾಪಸ್ ಬರುತ್ತೆ." ಪ್ಲೇಸ್ಟೇಷನ್ ಆಟಗಳಲ್ಲಿ ಹನ್ನೆರಡನ್ನು ನೋಡಿದೆ, ಹತ್ತು ಏಳಲಿಲ್ಲ. ಅದಕ್ಕಿಂತ ಬೇಜಾರಾದ ವಿಷಯ ಇನ್ನೊಂದು. ಅವಳು ಮಧ್ಯಾಹ್ನವೆಲ್ಲಾ ಕೂತು ದಾಟಿದ್ದ ಹಂತಗಳು ಸಂಜೆ ಆಫ್ ಮಾಡಿ ಆನ್ ಮಾಡುವಷ್ಟರಲ್ಲಿ ಇರಲಿಲ್ಲ. ಅವಳು ಅಳಲಿಲ್ಲ, ಸುಮ್ನೆ ಕೊಟ್ಟು ಎದ್ದು ಹೋದಳು. ಆವತ್ತು ರಾತ್ರಿಯೇ ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿದೆ.

ಎರಡನೇ ವಾರ

ಲಿನಕ್ಸ್‌ನಲ್ಲಿ ಎಫ್3 ಅಂತ ಒಂದು ಉಚಿತ ಪ್ರೋಗ್ರಾಮ್ ಇದೆ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಎಚ್2ಟೆಸ್ಟ್‌ಡಬ್ಲ್ಯೂ. ಕಾರ್ಡ್ ತುಂಬುವವರೆಗೆ ಒಂದೊಂದು ಜಿಬಿಯ ಫೈಲ್ ಬರೆಯುತ್ತದೆ, ಆಮೇಲೆ ಎಲ್ಲವನ್ನೂ ಓದಿ, ಬರೆದದ್ದೇ ಇದೆಯಾ ಅಂತ ನೋಡುತ್ತದೆ. ಮೊದಲು ಕಾರ್ಡಿನಲ್ಲಿ ಓದಲು ಬಂದಷ್ಟನ್ನು ಕಾಪಿ ಮಾಡಿಕೊಂಡು, ಫಾರ್ಮ್ಯಾಟ್ ಮಾಡಿ, ಇದನ್ನು ಓಡಿಸಿದೆ. ಬರೆಯಲಿಕ್ಕೇ ಮೂರೂವರೆ ಗಂಟೆ ಹಿಡಿಯಿತು.

ಫಲಿತಾಂಶ: 29 ಜಿಬಿ ಚಿಲ್ಲರೆ ಸರಿ ಇದೆ, ಉಳಿದದ್ದೆಲ್ಲಾ ಹಾಳು. ಅಂದರೆ ಇದು 32 ಜಿಬಿ ಕಾರ್ಡ್.

ಕಾರ್ಡಿನೊಳಗೆ ಮೆಮೊರಿ ಚಿಪ್ ಜೊತೆಗೆ ಕಂಟ್ರೋಲರ್ ಅಂತ ಒಂದು ಇರುತ್ತದೆ. ಎಷ್ಟು ಜಾಗ ಇದೆ ಅಂತ ಕಂಪ್ಯೂಟರ್ ಕೇಳಿದಾಗ ಉತ್ತರ ಕೊಡುವುದು ಅದೇ. ಅದರ ಬಾಯಲ್ಲಿ 128 ಅಂತ ಹೇಳಿಸಿದರೆ ಕಂಪ್ಯೂಟರ್ ನಂಬುತ್ತದೆ. ಫೈಲ್ ಹೆಸರುಗಳ ಲೆಕ್ಕ ಕಾರ್ಡಿನ ಮುಂಭಾಗದಲ್ಲಿ, ಅಸಲಿ ಜಾಗದಲ್ಲಿ ಇರುತ್ತದೆ. ಅದಕ್ಕೇ ಹೆಸರೆಲ್ಲಾ ಕಾಣುತ್ತವೆ, ಆಟ ಮಾತ್ರ ಇರುವುದಿಲ್ಲ. ಸೇವ್ ಹೋಗಿದ್ದೂ ಇದರಿಂದಲೇ. ತುಂಬಿದ ಕಾರ್ಡಿನಲ್ಲಿ ಖಾಲಿ ಜಾಗ ಉಳಿಯುವುದು ಕೊನೆಯಲ್ಲಿ, ಅಲ್ವಾ? ಹೊಸದಾಗಿ ಬರೆದದ್ದೆಲ್ಲಾ ಅಲ್ಲಿಗೇ ಹೋಗುತ್ತದೆ. ಈ ಕಾರ್ಡಿನಲ್ಲಿ ಆ ಕೊನೆಯೇ ಇಲ್ಲ. ಆಡುತ್ತಿರುವಾಗ ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತದೆ, ಆಫ್ ಮಾಡಿದ ಮೇಲೆ ಗೊತ್ತಾಗುತ್ತದೆ.

ಒಂದು ಮಾತು: 128 ಜಿಬಿ ಕಾರ್ಡ್ ಕಂಪ್ಯೂಟರ್‌ನಲ್ಲಿ 119 ಅಂತ ತೋರಿಸಿದರೆ ಅದು ಮೋಸ ಅಲ್ಲ. ಲೆಕ್ಕ ಮಾಡುವ ರೀತಿ ಬೇರೆ, ಅಷ್ಟೇ.

ಮಾರಿದವರಿಗೆ ಬರೆದೆ. ಅಂಥದ್ದೇ ಇನ್ನೊಂದು ಕಳಿಸುತ್ತೇವೆ ಅಂದರು. ಬೇಡ ಅಂದೆ. ಕಾರ್ಡ್ ಅಸಲಿಯಾಗಿದ್ದರೂ ಮತ್ತೆ ಇಂಥದ್ದು ತಗೊಳ್ಳುವುದಿಲ್ಲ ಅಂತ ಅಷ್ಟೊತ್ತಿಗೆ ನಿರ್ಧಾರ ಆಗಿತ್ತು. ನಾನು ಕೊಟ್ಟ 1,400ರಲ್ಲಿ ಆಟ ಮಾಡಿದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮ್‌ಗಳಿಗೂ ಅನ್ವಯಿಸುತ್ತದೆ. ನ್ಯಾಯವಾಗಿ ಕೊಂಡ ಪ್ರತಿಗೆ ಬ್ಯಾಕಪ್ ಇಟ್ಟುಕೊಳ್ಳಲು ಅದರಲ್ಲೇ ಅವಕಾಶ ಇದೆ. ಕಾಪಿ ಮಾಡಿ ಮಾರುವುದಕ್ಕೆ ಇಲ್ಲ.

ಮೂರು, ನಾಲ್ಕನೇ ವಾರ

ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಖಾಲಿ 64 ಜಿಬಿ ಕಾರ್ಡ್, ಬಿಲ್ ಸಮೇತ, 650 ರೂಪಾಯಿ. ಮನೆಗೆ ಬಂದ ತಕ್ಷಣ ಎಫ್3. ಪೂರ್ತಿ ಸರಿ. ಇನ್ನು ಮುಂದೆ ಯಾವ ಕಾರ್ಡ್ ತಂದರೂ ಇದೇ ಮೊದಲ ಕೆಲಸ.

ಕಾರ್ಡಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ರೀತಿಗಳು ಬೇರೆ ಬೇರೆ ಇವೆ; 64 ಜಿಬಿ ಕಾರ್ಡ್ ಎಕ್ಸ್‌ಫ್ಯಾಟ್ ಎಂಬ ರೀತಿಯಲ್ಲಿ ಬರುತ್ತದೆ. ಮಿಯೂವನ್ನು ನಡೆಸಲು ನಾನು ಆರಿಸಿಕೊಂಡ ಆನಿಯನ್ ಓಎಸ್ ಎಂಬ ಸಾಫ್ಟ್‌ವೇರ್‌ಗೆ ಫ್ಯಾಟ್32 ಎಂಬ ರೀತಿ ಬೇಕು. ಅದು ಗೊತ್ತಿಲ್ಲದೆ ಒಂದು ಸಂಜೆ ಹೋಯಿತು. ಮತ್ತೆ ಫಾರ್ಮ್ಯಾಟ್ ಮಾಡಿ, ಆನಿಯನ್ ಫೈಲ್‌ಗಳನ್ನು ಹಾಕಿ ಆನ್ ಮಾಡಿದರೆ ಉಳಿದದ್ದನ್ನು ಅದೇ ಮಾಡಿಕೊಂಡಿತು.

ಜಾಗದ ಚಿಂತೆ ಬೇಡ. 1985ರ ಸೂಪರ್ ಮಾರಿಯೋ ಬ್ರದರ್ಸ್ ಬರೀ 40 ಕೆಬಿ. ನಿಂಟೆಂಡೊದ ಹಳೆ ಕೈಸಾಧನ ಗೇಮ್ ಬಾಯ್ ಅಡ್ವಾನ್ಸ್‌ನ ದೊಡ್ಡ ಆಟವೂ ಸಾಮಾನ್ಯವಾಗಿ 32 ಎಂಬಿ ದಾಟುವುದಿಲ್ಲ. ಜಾಗ ತಿನ್ನುವುದು ಸಿಡಿಯಲ್ಲಿ ಬಂದ ಪ್ಲೇಸ್ಟೇಷನ್ ಆಟಗಳು. ನನ್ನ ಹತ್ತಿರ ಅಸಲಿ ಡಿಸ್ಕ್ ಎರಡಿವೆ. ಹಳೆ ಡಿವಿಡಿ ಡ್ರೈವ್‌ನಲ್ಲಿ ಓದಿಸಿ, ಸಿಎಚ್‌ಡಿ ಅಂತ ಕುಗ್ಗಿಸಿದ ಫೈಲ್ ಮಾಡಿ ಹಾಕಿದೆ. ನನ್ನ ಐದು ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್‌ಗಳನ್ನು ಗೆಳೆಯನ ರೀಡರ್‌ನಲ್ಲಿ ಕಾಪಿ ಮಾಡಿಕೊಂಡೆ.

ಉಳಿದ ಹದಿನಾರು, ಮಾಡಿದವರೇ ಉಚಿತವಾಗಿ ಕೊಟ್ಟ ಆಟಗಳು. ಡೈಸುಕೆ ಅಮಾಯಾ ಒಬ್ಬರೇ ವರ್ಷಗಟ್ಟಲೆ ಕೂತು ಮಾಡಿ 2004ರಲ್ಲಿ ಬಿಟ್ಟ ಕೇವ್ ಸ್ಟೋರಿ ಅದರಲ್ಲಿ ಒಂದು. ಎಂಥ ಆಟ ಅದು! ಟೋಬು ಟೋಬು ಗರ್ಲ್‌ನಲ್ಲಿ ಹುಡುಗಿಯೊಬ್ಬಳು ತನ್ನ ಬೆಕ್ಕನ್ನು ಉಳಿಸಲು ಮೇಲೆ ಮೇಲೆ ಹಾರುತ್ತಾ ಹೋಗುತ್ತಾಳೆ. ಅಕ್ಕನ ಮಗಳಿಗೆ ಅಂತಲೇ ಹಾಕಿದೆ.

ಆಟದ ಹೆಸರು ಕನ್ನಡದಲ್ಲಿ ಬರಲಿ ಅಂತ ಆಸೆ ಇತ್ತು. ಪಟ್ಟಿಯಲ್ಲಿ ಬರೆದು ನೋಡಿದೆ, ಬರೀ ಚೌಕಗಳು ಬಂದವು. ಆಮೇಲೆ ದಾರಿ ಹೊಳೆಯಿತು. ಪ್ರತಿ ಆಟದ ಪಕ್ಕ ಒಂದು ಚಿತ್ರ ಬರುತ್ತದಲ್ಲ, ಆ ಚಿತ್ರದ ಮೇಲೇ ಕನ್ನಡದಲ್ಲಿ ಬರೆದರೆ ಆಯಿತು. ಒತ್ತಕ್ಷರವೂ ಸರಿಯಾಗಿ ಕಾಣುತ್ತದೆ. ಟೋಬುವಿಗೆ "ಬೆಕ್ಕು ಹುಡುಕೋಣ" ಅಂತ ಹೆಸರಿಟ್ಟವಳು ಅವಳೇ. ಹನ್ನೊಂದು ಚಿತ್ರ ಮುಗಿದಿವೆ, ಹನ್ನೆರಡು ಬಾಕಿ.

ಐದನೇ ವಾರ

ರೈಲಿನಲ್ಲಿ ಪರೀಕ್ಷೆ ಮಾಡಿದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಕೇವ್ ಸ್ಟೋರಿ ಶುರು ಮಾಡಿ, ಸೇವ್ ಮಾಡಿ, ಮಂಡ್ಯದಲ್ಲಿ ಆಫ್ ಮಾಡಿದೆ. ಮದ್ದೂರು ಬಂದಾಗ ವಡೆ ತಗೊಂಡು, ಕೈ ಒರೆಸಿಕೊಂಡು, ಆನ್ ಮಾಡಿದೆ. ಬಿಟ್ಟ ಜಾಗದಲ್ಲೇ ಇತ್ತು. ವಾಪಸ್ ಬರುವಾಗಲೂ ಹಾಗೇ.

ಸೇವ್ಸ್ ಫೋಲ್ಡರನ್ನು ಪ್ರತಿ ಭಾನುವಾರ ಕಂಪ್ಯೂಟರ್‌ಗೆ ಕಾಪಿ ಮಾಡುತ್ತಿದ್ದೇನೆ. ಈ ಭಾನುವಾರ ಕಾಪಿ ಆಗುವವರೆಗೆ ಅವಳು ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಆನ್ ಮಾಡಿ, ತನ್ನ ಆಟ ನೋಡಿಕೊಂಡು, ಅಲ್ಲೇ ನೆಲದ ಮೇಲೆ ಕೂತು ಮುಂದುವರಿಸಿದಳು.