ಮಂಗಳೂರಿನಲ್ಲಿ ಮನೆ ಯಾವ ಕಡೆ ತಗೊಳ್ಳುವುದು?

ಬ್ಯಾಂಕುಗಳಿಗೆ ಮನೆ, ಜಾಗದ ವ್ಯಾಲ್ಯುವೇಶನ್ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಮದುವೆ ಊಟಕ್ಕೆ ಕೂತಲ್ಲೂ ಯಾರಾದರೊಬ್ಬರು ಪಕ್ಕಕ್ಕೆ ವಾಲಿ ಕೇಳುತ್ತಾರೆ: "ಮಂಗಳೂರಲ್ಲಿ ಮನೆ ತಗೊಳ್ಳುವುದಾದ್ರೆ ಯಾವ ಏರಿಯಾ ಒಳ್ಳೇದು ಸರ್?" ಕೇಳುವವರಲ್ಲಿ ಹೆಚ್ಚಿನವರು ಗಲ್ಫಿನಿಂದಲೋ ಬೆಂಗಳೂರಿನಿಂದಲೋ ಊರಿಗೆ ವಾಪಸಾಗುವ ಅಂದಾಜಿನಲ್ಲಿರುವವರು. ಶಾಲೆಗೆ ಹೋಗುವ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ, ಇಪ್ಪತ್ತು ವರ್ಷದ ಸಾಲ. ಬಿಜೈ ಅಂತಲೋ ದೇರಳಕಟ್ಟೆ ಅಂತಲೋ ಒಂದು ಹೆಸರು ಹೇಳಿಬಿಟ್ಟರೆ ಅವರಿಗೆ ಸಮಾಧಾನ.

ಹೆಸರು ಹೇಳ್ತೇನೆ, ಸ್ವಲ್ಪ ತಾಳಿ. ಅದಕ್ಕೆ ಮೊದಲು ಒಂದು ಮಾತು. ಈ ಊರು ಗುಡ್ಡ, ತಗ್ಗು, ಮತ್ತೆ ಗುಡ್ಡ. ಒಂದೇ ರಸ್ತೆಯ ಮೇಲಿನ ತುದಿಯ ಮನೆಗೆ ಮೇ ತಿಂಗಳಲ್ಲಿ ನೀರು ಏರುವುದಿಲ್ಲ, ಕೆಳಗಿನ ತುದಿಯ ಮನೆಯಿಂದ ಜೂನ್‌ನಲ್ಲಿ ನೀರು ಇಳಿಯುವುದಿಲ್ಲ. ಎರಡಕ್ಕೂ ವಾರ್ಡ್ ಒಂದೇ, ಪಿನ್‌ಕೋಡ್ ಒಂದೇ, ಬ್ರೋಕರ್ ಹೇಳುವ ರೇಟೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ನಾನು ಏರಿಯಾಕ್ಕಿಂತ ಮೊದಲು ನೋಡುವುದು ಆ ಜಾಗ ಇಳಿಜಾರಿನಲ್ಲಿ ಎಲ್ಲಿ ಕೂತಿದೆ ಎಂಬುದನ್ನು.

ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರಿದು, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. 2018ರ ಮೇ 29ರಂದು ಬೆಳಗ್ಗಿನಿಂದ ಸುರಿದ ಮಳೆಗೆ ಅರ್ಧ ನಗರ ನೀರಿನಲ್ಲಿ ನಿಂತಿತ್ತು, ನೆನಪಿರಬಹುದು. ಕೊಟ್ಟಾರ ಚೌಕಿ, ಮಾಲೆಮಾರ್, ಅಳಕೆ, ಪಾಂಡೇಶ್ವರದ ಶಿವನಗರ, ಪಡೀಲಿನ ರೈಲ್ವೆ ಅಂಡರ್‌ಪಾಸ್ — ಇವು ಪ್ರತಿ ಮಳೆಗಾಲ ಪೇಪರಿನಲ್ಲಿ ಬರುವ ಹೆಸರುಗಳು, ಇವನ್ನು ತಿಳಿಯಲು ನಾನು ಬೇಕಿಲ್ಲ. ಪೇಪರಿನಲ್ಲಿ ಬಾರದ ತಗ್ಗುಗಳೇ ಮೋಸ. ಹತ್ತು ಹದಿನೈದು ವರ್ಷದ ಹಿಂದೆ ಗದ್ದೆಯಾಗಿದ್ದ ಜಾಗಕ್ಕೆ ಕೆಂಪು ಮಣ್ಣು ತುಂಬಿಸಿ, ಇಂಟರ್‌ಲಾಕ್ ಹಾಕಿ, ಗೇಟಿಗೆ ಗ್ರಾನೈಟ್ ಬೋರ್ಡು ನೆಟ್ಟರೆ ಡಿಸೆಂಬರಿನಲ್ಲಿ ನೋಡುವವರಿಗೆ ಎಂತದೂ ಗೊತ್ತಾಗುವುದಿಲ್ಲ. ಊರಿಗೆ ರಜೆಯಲ್ಲಿ ಬರುವವರು ಜಾಗ ನೋಡುವುದು ಡಿಸೆಂಬರಿನಲ್ಲೇ.

ಆದರೆ ನೀರು ಬಂದ ಕಡೆ ಗುರುತು ಬಿಟ್ಟೇ ಹೋಗ್ತದೆ. ಹತ್ತಿರದ ಅಂಗಡಿಗಳ ರೋಲಿಂಗ್ ಶಟರಿನ ಬುಡ ನೋಡಿ; ಕೆಳಗಿನ ಒಂದೂವರೆ ಅಡಿ ಮಾತ್ರ ತುಕ್ಕು ಹಿಡಿದಿದ್ದರೆ ಅಥವಾ ಅಷ್ಟೇ ಭಾಗಕ್ಕೆ ಬೇರೆ ಬಣ್ಣ ಬಳಿದಿದ್ದರೆ ಅಲ್ಲಿಯವರೆಗೆ ನೀರು ಬಂದಿದೆ ಎಂದು ಲೆಕ್ಕ. ಅಂಗಡಿಯವರ ಫ್ರಿಜ್ ಸಿಮೆಂಟ್ ಬ್ಲಾಕಿನ ಮೇಲೆ ನಿಂತಿದೆಯೋ ನೋಡಿ. ಮನೆಗಳ ಕರೆಂಟ್ ಮೀಟರ್ ಇಡೀ ಬೀದಿಯಲ್ಲಿ ಎದೆಯಿಂದ ಮೇಲಕ್ಕೆ ಏರಿದ್ದರೆ, ಗೇಟಿನ ಒಳಗೆ ಅಡ್ಡಲಾಗಿ ಒಂದು ಸಾಲು ಕಲ್ಲು ಕಟ್ಟಿ ಅದರ ಮೇಲಿಂದ ಸ್ಕೂಟರ್ ಹತ್ತಿಸುವ ಹಾಗೆ ಮಾಡಿಟ್ಟಿದ್ದರೆ, ಯಾರನ್ನೂ ಕೇಳುವ ಅಗತ್ಯವೇ ಇಲ್ಲ. ಮಾರುವವರು ಅವರ ಕಂಪೌಂಡಿಗೆ ಪೈಂಟ್ ಹೊಡೆಸಬಹುದು, ಬೀದಿಗೆಲ್ಲ ಹೊಡೆಸಲಿಕ್ಕಾಗುವುದಿಲ್ಲ.

ಇಷ್ಟು ಕೇಳಿದವರು "ಹಾಗಾದ್ರೆ ಗುಡ್ಡದ ಮೇಲೆ ತಗೊಳ್ತೇವೆ" ಅನ್ನುತ್ತಾರೆ. ಮೇಲೆ ಆದರೆ ಸರಿ. ಬದಿ ಆದರೆ ಹೆದರಿಕೆ. ಈಗ ಗುಡ್ಡದ ಬದಿಯನ್ನು ಜೆಸಿಬಿಯಲ್ಲಿ ಲಂಬಕ್ಕೆ ಕತ್ತರಿಸಿ, ಮೆಟ್ಟಿಲು ಮೆಟ್ಟಿಲಾಗಿ ಐದೈದು ಸೆಂಟ್ಸ್ ಸೈಟ್ ಮಾಡಿ ಮಾರುತ್ತಾರೆ. ಮೇಲಿನವನ ಅಂಗಳ ಕೆಳಗಿನವನ ತಾರಸಿಯ ಮಟ್ಟಕ್ಕೆ. ನಡುವೆ ಒಂದು ತಡೆಗೋಡೆ. 2024ರ ಜೂನ್‌ನಲ್ಲಿ ಕುತ್ತಾರು ಮದನಿನಗರದಲ್ಲಿ ಇಂಥದೇ ಗೋಡೆ ಮನೆ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಹೋದರು. ಮರುವರ್ಷ ಮೇ ಕೊನೆಗೆ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡವೇ ಜರಿಯಿತು. ಮೇಲಿನ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಗಟ್ಟಿ ಎಂದು ನಾವು ನಂಬುತ್ತೇವೆ. ಅದರ ಕೆಳಗೆ ಜೇಡಿಯಂಥ ಮಣ್ಣಿರುವುದು, ನೀರು ಕುಡಿದ ಮೇಲೆ ಅದು ಜಾರುವುದು ಬಾವಿ ತೋಡುವವರಿಗೆ ಗೊತ್ತು.

ತಡೆಗೋಡೆಯಲ್ಲಿ ನೋಡಬೇಕಾದ್ದು ಮೂರು ಸಂಗತಿ. ನೀರು ಹೊರಗೆ ಬರಲು ಸಾಲಾಗಿ ಪೈಪಿನ ತೂತುಗಳಿವೆಯೇ; ಗೋಡೆ ನಡುವಿನಲ್ಲಿ ಹೊಟ್ಟೆ ಉಬ್ಬಿದೆಯೇ; ಮತ್ತು ಅದು ಯಾರ ಗೋಡೆ. ತೂತಿದ್ದರೂ ಜುಲೈನ ಜೋರು ಮಳೆಯಲ್ಲಿ ಅದರಿಂದ ಒಂದು ಹನಿಯೂ ಬಾರದಿದ್ದರೆ ನೀರು ಗೋಡೆಯ ಹಿಂದೆಯೇ ನಿಂತಿದೆ ಎಂದರ್ಥ, ಅದು ತೂತಿಲ್ಲದ್ದಕ್ಕೆ ಸಮ. ಯಾರ ಗೋಡೆ ಎಂಬ ಪ್ರಶ್ನೆ ಕೇಳಿದರೆ ಬ್ರೋಕರ್ ನಗುತ್ತಾರೆ. ಬಿದ್ದ ದಿನ ರಿಪೇರಿ ಯಾರದ್ದು ಎಂದು ಮೇಲಿನವರೂ ಕೆಳಗಿನವರೂ ಕೋರ್ಟಿಗೆ ಹೋಗುವಾಗ ಆ ಬ್ರೋಕರ್ ಇರುವುದಿಲ್ಲ.

ಇನ್ನು ಮೇ ತಿಂಗಳ ಕತೆ. ನಗರಕ್ಕೆ ನೀರು ಬರುವುದು ತುಂಬೆಯ ಕಿಂಡಿ ಅಣೆಕಟ್ಟಿನಿಂದ, ನೇತ್ರಾವತಿಯ ನೀರು, ದಿನಕ್ಕೆ ಸುಮಾರು 160 ಎಂಎಲ್‌ಡಿ. ಅಂದರೆ ಹದಿನಾರು ಕೋಟಿ ಲೀಟರ್. ನದಿಯ ಒಳಹರಿವು ನಿಂತರೆ ಅಣೆಕಟ್ಟಿನಲ್ಲಿ ಇದ್ದಷ್ಟೇ ಗತಿ. 2016, 2019, 2023ರ ಬೇಸಿಗೆಗಳಲ್ಲಿ ರೇಷನಿಂಗ್ ಆಯಿತು. ಆಗ ಮೊದಲು ಒಣಗುವುದು ಎತ್ತರದ ಮನೆಗಳ ನಳ್ಳಿ, ಆಮೇಲೆ ಪೈಪಿನ ಕೊನೆಯ ಮನೆಗಳದ್ದು. ಹಾಗಾಗಿ ಕಾರ್ಪೊರೇಶನ್ ನೀರು ಉಂಟು ಎಂಬುದು ಅರ್ಧ ಉತ್ತರ. ಬಾವಿ ಉಂಟಾ, ಅದರಲ್ಲಿ ಮೇ ಇಪ್ಪತ್ತಕ್ಕೆ ನೀರು ಉಂಟಾ ಎಂಬುದು ಉಳಿದರ್ಧ. ಇದನ್ನು ಮಾರುವವರ ಹತ್ತಿರ ಕೇಳಬೇಡಿ, ಪಕ್ಕದ ಮನೆಯ ಅಕ್ಕನ ಹತ್ತಿರ ಕೇಳಿ: "ಅಕ್ಕ, ಮೇಯಲ್ಲಿ ಪಂಪ್ ಎಷ್ಟು ಹೊತ್ತು ಓಡ್ತದೆ?" ಅಂತ. "ಓ ಅದೆಲ್ಲ ಸಾಕಷ್ಟು ಉಂಟು" ಅಂದರೆ ಒಳ್ಳೆಯದೇ. "ಹತ್ತು ನಿಮಿಷ ಹಾಕಿ ಬಂದ್ ಮಾಡ್ಬೇಕು, ಮತ್ತೆ ಸಂಜೆ ಹಾಕುದು" ಅಂದರೆ ಟ್ಯಾಂಕರ್ ಖರ್ಚನ್ನೂ ಇಎಂಐ ಜೊತೆ ಸೇರಿಸಿಕೊಳ್ಳಿ. ಉಳ್ಳಾಲದ ಕಡಲ ಬದಿಗೆ, ಕೂಳೂರಿನ ಹೊಳೆಬದಿಗೆ ಹೋದರೆ ಬಾವಿ ತುಂಬ ನೀರಿದ್ದೂ ಉಪ್ಪಾಗಿರಬಹುದು. ಒಂದು ಚೊಂಬು ತೆಗೆದು ಬಾಯಿಗೆ ಹಾಕಿ ನೋಡಿ, ಲ್ಯಾಬ್ ಟೆಸ್ಟ್ ಆಮೇಲೆ. ಒಳಚರಂಡಿ ಲೈನ್ ಇಲ್ಲದ ಕಡೆ ಬಾವಿಗೂ ಶೌಚದ ಪಿಟ್ಟಿಗೂ ಎಷ್ಟು ದೂರ ಎಂಬುದನ್ನೂ ಅಳೆಯಿರಿ. ನಿಮ್ಮದು ಮಾತ್ರ ಅಲ್ಲ, ಪಕ್ಕದವರ ಪಿಟ್ ಕೂಡ.

ನೀರಿನ ಮಾತು ಉದ್ದ ಆಯಿತು, ಉದ್ದ ಆಗಬೇಕಾದ್ದೇ. ಓಡಾಟದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲರೂ ಕಾರಿನಲ್ಲಿ ಏರ್‌ಪೋರ್ಟಿಗೆ ಎಷ್ಟು ನಿಮಿಷ, ಮಾಲ್‌ಗೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕುತ್ತಾರೆ. ಏರ್‌ಪೋರ್ಟಿಗೆ ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ ಮಾರಾಯ್ರೆ? ಮನೆಯಲ್ಲಿ ಕಾರು ಬಿಡಲು ಬಾರದವರು ಯಾರು, ಅವರು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೋ ಕಾಲೇಜಿಗೋ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೋ ಹೇಗೆ ಹೋಗುವುದು, ಬಸ್‌ಸ್ಟಾಪಿನಿಂದ ಮನೆಗೆ ಏರು ಎಷ್ಟು — ಇದನ್ನು ನೋಡಿ. ಸಿಟಿ ಬಸ್ಸುಗಳು ಹಗಲು ಒಂದರ ಹಿಂದೆ ಒಂದು ಬರುತ್ತವೆ, ರಾತ್ರಿ ಒಂಬತ್ತರ ಮೇಲೆ ಹುಡುಕಬೇಕು. ಟ್ಯೂಷನ್ ಮುಗಿಸಿ ಬರುವ ಮಗಳಿಗೆ ಮುಖ್ಯರಸ್ತೆಯಿಂದ ಒಂದು ಕಿಲೋಮೀಟರ್ ಒಳಗಿನ ಮನೆ ಎಂದರೆ ದಿನಾ ನೀವು ಸ್ಕೂಟರ್ ತೆಗೆಯಬೇಕು. ಇನ್ನು ನಂತೂರು, ಕೆಪಿಟಿ, ಕೂಳೂರು ಸೇತುವೆ, ಪಂಪ್‌ವೆಲ್: ನಿಮ್ಮ ಮನೆಗೂ ಕೆಲಸಕ್ಕೂ ನಡುವೆ ಟ್ರಾಫಿಕ್ ಕಟ್ಟುವ ಈ ಜಾಗಗಳಲ್ಲಿ ಎಷ್ಟು ಬರುತ್ತವೆ ಎಂದು ನೋಡಿ. ಒಂದು ಪರವಾಗಿಲ್ಲ. ಎರಡಾದರೆ ಯೋಚಿಸಿ. 2010ರಲ್ಲಿ ಶುರುವಾದ ಪಂಪ್‌ವೆಲ್ ಫ್ಲೈಓವರ್ ಮುಗಿದದ್ದು 2020ರ ಜನವರಿ ಕೊನೆಗೆ. "ಮುಂದಿನ ವರ್ಷ ರಸ್ತೆ ಆಗ್ತದೆ" ಎಂಬ ಮಾತಿನ ಮೇಲೆ ಮನೆ ತಗೊಳ್ಳಬಾರದು.

ವಾಸನೆಯ ವಿಷಯ ಯಾರೂ ಬಾಯಿ ಬಿಡುವುದಿಲ್ಲ. ಜೋಕಟ್ಟೆ, ಬೈಕಂಪಾಡಿ ಆಸುಪಾಸಿನಲ್ಲಿ ಕಾರ್ಖಾನೆಗಳು, ಪಚ್ಚನಾಡಿಯಲ್ಲಿ ಕಸದ ರಾಶಿ. 2019ರ ಆಗಸ್ಟಿನಲ್ಲಿ ಆ ರಾಶಿ ಜಾರಿ ಮಂದಾರದ ಮನೆ, ಅಡಿಕೆ ತೋಟಗಳನ್ನು ಮುಚ್ಚಿಹಾಕಿತು. ಈ ಕಡೆ ಜಾಗ ನೋಡುವುದಾದರೆ ರಾತ್ರಿ ಒಮ್ಮೆ, ಬೆಳಗ್ಗೆ ಬೇಗ ಒಮ್ಮೆ ಹೋಗಿ ನಿಲ್ಲಿ. ಮಧ್ಯಾಹ್ನ ಗಾಳಿ ಬೀಸುವಾಗ ತೋರಿಸುತ್ತಾರೆ, ಆಗ ಏನೂ ಗೊತ್ತಾಗುವುದಿಲ್ಲ.

ಕಾಗದಪತ್ರಕ್ಕೆ ವಕೀಲರಿದ್ದಾರೆ, ನಾನು ಬೇಗ ಮುಗಿಸ್ತೇನೆ. ಪಂಚಾಯತ್ ವ್ಯಾಪ್ತಿಯಾದರೆ ಕನ್ವರ್ಶನ್ (ಭೂಪರಿವರ್ತನೆ) ಆದೇಶ ಮತ್ತು ಪಂಚಾಯತಿನ ಆಸ್ತಿ ನಮೂನೆ 9/11, ನಗರದೊಳಗೆ ಇ-ಖಾತಾ, ಎರಡು ಕಡೆಯೂ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿನ ಹೊಸ ಕಟ್ಟಡಕ್ಕೆ ರೇರಾ ನೋಂದಣಿ. ನಮ್ಮ ಜಿಲ್ಲೆಯದ್ದೇ ಆದ ತಕರಾರು ಎಂದರೆ ಕುಮ್ಕಿ. ಕಂಪೌಂಡ್ ಹಾಕಿದ ಜಾಗ ಹನ್ನೆರಡು ಸೆಂಟ್ಸ್, ಪಹಣಿಯಲ್ಲಿ ಎಂಟು. ಉಳಿದದ್ದು ಕುಮ್ಕಿ, ಅಂದರೆ ವರ್ಗ ಜಮೀನಿಗೆ (ಖಾಸಗಿ ಹಿಡುವಳಿಗೆ) ತಾಗಿದ ಸರ್ಕಾರಿ ಭೂಮಿ. ಸೊಪ್ಪು, ಕಟ್ಟಿಗೆಗೆ ಅದರ ಮೇಲೆ ಹಕ್ಕಿದೆ, ಮಾರುವ ಹಕ್ಕಿಲ್ಲ. ತೆಂಗಿನ ಮರ ಫಲ ಕೊಡುತ್ತಿದೆ ಎಂಬುದು ದಾಖಲೆ ಅಲ್ಲ. ಹಣ ಎಂಟಕ್ಕೆ ಮಾತ್ರ ಕೊಡಿ.

ಈಗ ಹೆಸರುಗಳು. ಸಾಧಾರಣ ಸಂಬಳದವರು, ಮಕ್ಕಳ ಶಾಲೆ ನಗರದಲ್ಲಿ ಎಂದಾದರೆ ನಾನು ಮೊದಲು ನೋಡಲು ಹೇಳುವುದು ಬೊಂದೇಲ್, ಪದವಿನಂಗಡಿ, ಮೇರಿಹಿಲ್ ಕಡೆ. ಬಹಳ ಕಡೆ ನೆಲ ಎತ್ತರದಲ್ಲಿ ಸಪಾಟು, ಬಸ್ ಉಂಟು, ಕುಂಟಿಕಾನದ ಆಸ್ಪತ್ರೆ ದೂರವಿಲ್ಲ. ಬೇಸಿಗೆಯ ನೀರು ಮಾತ್ರ ಮನೆ ಮನೆಗೆ ವಿಚಾರಿಸಬೇಕು. ಇದೇ ದುಡ್ಡಿಗೆ ಶಕ್ತಿನಗರ, ಕುಲಶೇಖರದಲ್ಲೂ ಸಿಗುತ್ತದೆ. ಅಲ್ಲಿ ಇಳಿಜಾರು ಜಾಸ್ತಿ, ತಡೆಗೋಡೆಯ ಬಗ್ಗೆ ಮೇಲೆ ಬರೆದದ್ದನ್ನು ಒಮ್ಮೆ ಓದಿಕೊಂಡು ಹೋಗಿ.

ಗಂಡ ಹೆಂಡತಿಯಲ್ಲಿ ಒಬ್ಬರಾದರೂ ದೇರಳಕಟ್ಟೆಯ ಆಸ್ಪತ್ರೆಗಳಲ್ಲೋ ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲೋ ಕೆಲಸ ಮಾಡುವುದಾದರೆ ಅಲ್ಲೇ ಇರಿ, ನಗರದಲ್ಲಿ ಮನೆ ಮಾಡಿ ದಿನಾ ನೇತ್ರಾವತಿ ಸೇತುವೆ ದಾಟುವ ಆಸೆ ಬೇಡ. ಹರೇಕಳ–ಅಡ್ಯಾರ್ ಸೇತುವೆ ಆದ ಮೇಲೆ ಪಡೀಲ್ ಕಡೆ ಹೋಗಲು ಇನ್ನೊಂದು ದಾರಿಯೂ ಸಿಕ್ಕಿದೆ. ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು, ಬಂದರು, ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದ ಕೆಲಸದವರಿಗೆ ಸುರತ್ಕಲ್. ಅದು ಮಂಗಳೂರಿನ ಬಾಲ ಅಲ್ಲ, ಪೇಟೆ, ಶಾಲೆ, ರೈಲು ನಿಲ್ದಾಣ ಎಲ್ಲ ಇರುವ ಊರು. ಹೆದ್ದಾರಿಯ ಪಶ್ಚಿಮಕ್ಕೆ ಹೋದಷ್ಟೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಮತ್ತು ಕಡಲ್ಕೊರೆತ ಎರಡನ್ನೂ ವಿಚಾರಿಸಬೇಕು, ಅಷ್ಟೆ.

ಬಿಜೈ, ಕದ್ರಿ, ಬೆಂದೂರ್‌ವೆಲ್ ಹೇಳಲೇ ಇಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಜಾಗ ತಗೊಂಡು ಮನೆ ಕಟ್ಟುವಷ್ಟು ದುಡ್ಡಿದ್ದವರು ನನ್ನನ್ನು ಕೇಳುವುದಿಲ್ಲ. ಆದರೆ ಮಕ್ಕಳೆಲ್ಲ ಹೊರಗಿದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಾದರೆ, ಹೊರವಲಯದ ಹೊಸ ವಿಲ್ಲಾಕ್ಕಿಂತ ಅಲ್ಲಿನ ಹಳೆಯ ಫ್ಲ್ಯಾಟ್ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಮೀನು, ತರಕಾರಿ, ಮೆಡಿಕಲ್ ಶಾಪ್, ಡಾಕ್ಟರ್ ಎಲ್ಲ ನಡೆದು ಹೋಗುವ ದೂರದಲ್ಲಿ. ಲಿಫ್ಟ್ ಯಾವಾಗ ಬದಲಾಯಿಸಿದ್ದು, ಅಸೋಸಿಯೇಶನ್ ಖಾತೆಯಲ್ಲಿ ಹಣ ಎಷ್ಟಿದೆ, ಮೇ ತಿಂಗಳಲ್ಲಿ ಟ್ಯಾಂಕರ್ ಎಷ್ಟು ಬಂತು — ಈ ಮೂರನ್ನು ಸೆಕ್ರೆಟರಿ ಹತ್ತಿರ ಕೇಳಿ. ಅವರು ರಿಜಿಸ್ಟರ್ ತೆಗೆದು ತೋರಿಸಿದರೆ ಅಡ್ವಾನ್ಸ್ ಬಗ್ಗೆ ಮಾತಾಡಬಹುದು.