"ಎಲ್ಲಾ ಫೋನಿನಲ್ಲೇ ಸಿಗುತ್ತಲ್ಲ, ಈ ಹಳೇ ರೆಕಾರ್ಡು ಯಾಕೆ?"

ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹಳೇ ಜಾಝ್ ರೆಕಾರ್ಡು ಹುಡುಕುವ ಹುಚ್ಚು ನನಗಿದೆ ಅಂತ ಗೊತ್ತಾದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಎಲ್ಲಾ ಫೋನಿನಲ್ಲೇ ಸಿಗುತ್ತಲ್ಲ, ಮತ್ತೆ ಇವೆಲ್ಲ ಯಾಕೆ?" ಸ್ವಲ್ಪ ಕಾಲ ನಗುನಗುತ್ತಾ ಉತ್ತರ ಕೊಟ್ಟೆ. ಆಮೇಲೆ ನಗು ಬಿಟ್ಟು ಉತ್ತರ ಕೊಟ್ಟೆ. ಈಗ ಬಾಯಿ ಸೋತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ ಅನ್ನುವುದೇ ನನ್ನ ಸಿಟ್ಟು. "ಎಲ್ಲಾ ಸಿಗುತ್ತಲ್ಲ" ಅಂದಾಗಲೇ ತೀರ್ಪು ಬಂದಾಯಿತು. "ಯಾಕೆ" ಅನ್ನುವುದು ಬರೀ ಉಪಚಾರಕ್ಕೆ. ಇನ್ನು ಕೆಲವರು ನನ್ನ ಪರವಾಗಿ ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ. "ರೆಕಾರ್ಡಿನ ಸೌಂಡು ಚೆನ್ನಾಗಿರುತ್ತೆ ಅಂತ ಅಲ್ವಾ?" ಅಲ್ಲ. ಬಲ್ಲ ಎಂಜಿನಿಯರ್ ಮೂಲ ಟೇಪಿನಿಂದ ಕಾಳಜಿಯಿಟ್ಟು ತೆಗೆದ ಡಿಜಿಟಲ್ ಪ್ರತಿ ಸವೆದ ರೆಕಾರ್ಡಿಗಿಂತ ಎಷ್ಟೋ ಚೆನ್ನಾಗಿ ಕೇಳುತ್ತದೆ. ಅದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. "ಹಳೇ ನೆನಪಿಗಾ?" 1923ರಲ್ಲಿ ಮಾಡಿದ ರೆಕಾರ್ಡಿನ ನೆನಪು ನನಗೆ ಎಲ್ಲಿಂದ ಬರಬೇಕು? "ಮಾರಿದರೆ ಒಳ್ಳೇ ದುಡ್ಡು ಬರುತ್ತೇನೋ?" ಕೆಲವಕ್ಕೆ ಬರುತ್ತದೆ, ಬಹಳಷ್ಟಕ್ಕೆ ಬರುವುದಿಲ್ಲ, ನಾನಂತೂ ಮಾರುವುದಿಲ್ಲ. ಆ ವಿಷಯ ಇಲ್ಲಿಗೆ ಮುಗಿಯಿತು.

ಒಂದು ದಿನ ಅಂಗಡಿಯೊಂದರಲ್ಲಿ ನೆಲದ ಮೇಲಿಟ್ಟಿದ್ದ ಪೆಟ್ಟಿಗೆಯ ಮುಂದೆ ಕೂತಿದ್ದೆ. ಕೈಯಲ್ಲಿ ಕಿಂಗ್ ಆಲಿವರ್ ಅವರ ಕ್ರಿಯೋಲ್ ಜಾಝ್ ಬ್ಯಾಂಡ್ 1923ರಲ್ಲಿ ನುಡಿಸಿದ್ದನ್ನು ಮರುಮುದ್ರಿಸಿದ ಒಂದು ಎಲ್ಪಿ. ಹಿಂದೆ ನಿಂತಿದ್ದವರೊಬ್ಬರು ನನ್ನ ಭುಜದ ಮೇಲಿಂದ ಇಣುಕಿ ಹೆಸರು ಓದಿಕೊಂಡು, ಫೋನಿನಲ್ಲಿ ಹುಡುಕಿ, "ಡಿಪ್ಪರ್‌ಮೌತ್ ಬ್ಲೂಸ್" ಹಾಕಿ, ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು. "ನೋಡಿ, ಸಿಕ್ಕೇ ಬಿಡ್ತು." ಹತ್ತು ಸೆಕೆಂಡೂ ಆಗಿರಲಿಲ್ಲ. ಅವರ ಮುಖದಲ್ಲಿ ಗೆಲುವು.

ಫೋನಿನಿಂದ ಕಾರ್ನೆಟ್, ಅಂದರೆ ಟ್ರಂಪೆಟ್ಟಿನಂಥ ಊದುವ ವಾದ್ಯ, ಬರುತ್ತಿತ್ತು, ಅದರ ಹಿಂದೆ ಬಿಡದೆ ಚರಚರ ಸದ್ದೂ ಬರುತ್ತಿತ್ತು. "ಈ ಚರಚರ ಯಾವುದು?" ಅಂತ ಕೇಳಿದೆ. "ಹಳೇ ರೆಕಾರ್ಡಿಂಗ್ ಅಲ್ವಾ, ಹಾಗೇ ಇರುತ್ತೆ" ಅಂದರು. ಹಾಗಲ್ಲ. ಅದು ಆ ದಿನ ಸ್ಟುಡಿಯೋದಲ್ಲಿ ಇದ್ದ ಸದ್ದಲ್ಲ. ಅದು ಒಂದು ತಟ್ಟೆಯ ಮೈ ಸದ್ದು. ಆಗಿನ, ನಿಮಿಷಕ್ಕೆ 78 ಸುತ್ತು ತಿರುಗುವ 78 ಆರ್‌ಪಿಎಂ ರೆಕಾರ್ಡುಗಳನ್ನು ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡುತ್ತಿದ್ದರು. ಹೌದು, ಪಾಂಡವರ ಮನೆ ಕಟ್ಟಿದ ಅದೇ ಅರಗು. ಉಕ್ಕಿನ ಮುಳ್ಳು ಉಜ್ಜಿಕೊಂಡು ತೋಡಿನ ಆಕಾರಕ್ಕೆ ಹೊಂದಲಿ ಅಂತ ಆ ಪುಡಿಯನ್ನು ಬೇಕೆಂದೇ ಒರಟಾಗಿ ಇಡುತ್ತಿದ್ದರು. ಉಜ್ಜುವಾಗ ಏಳುವ ಸದ್ದೇ ಇದು. ಅಂದರೆ ಅವರ ಫೋನಿನಲ್ಲಿ ಕೇಳುತ್ತಿದ್ದದ್ದು ಯಾರೋ ಒಬ್ಬರ ಮನೆಯಲ್ಲಿದ್ದ, ಯಾರೋ ಕೈಬಿಟ್ಟ, ಇನ್ಯಾರೋ ನನ್ನ ಹಾಗೇ ಪೆಟ್ಟಿಗೆಯ ಮುಂದೆ ಕೂತು ಎತ್ತಿಕೊಂಡ ಒಂದು ರೆಕಾರ್ಡು. ಹುಡುಕಿದವರು ಇರದಿದ್ದರೆ ಅವರ ಫೋನಿನಲ್ಲಿ ಸಿಗಲು ಏನೂ ಇರುತ್ತಿರಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅವರು ಮುಂದಿನ ಹಾಡಿಗೆ ಹೋಗಿದ್ದರು.

ಆ ಬ್ಯಾಂಡಿನ ಮೊದಲ ರೆಕಾರ್ಡುಗಳನ್ನು 1923ರ ಏಪ್ರಿಲ್‌ನಲ್ಲಿ ಜೆನೆಟ್ ಕಂಪನಿ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಮಾಡಿತು. ಸ್ಟುಡಿಯೋ ಇದ್ದದ್ದು ಪಿಯಾನೋ ಕಾರ್ಖಾನೆಯ ಆವರಣದಲ್ಲಿ, ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ಕೆಲಸ ನಿಲ್ಲಿಸಬೇಕು. ಮೈಕ್ ಇಲ್ಲ. ಎಲ್ಲರೂ ಒಂದು ದೊಡ್ಡ ಕಹಳೆಯ ಬಾಯಿಗೆ ನುಡಿಸಬೇಕು, ಆ ಗಾಳಿಯ ಒತ್ತಡವೇ ಮೇಣದ ಮೇಲೆ ಗೀರು ಕೊರೆಯಬೇಕು. ಡ್ರಮ್ ಜೋರಾದರೆ ಕೊರೆಯುವ ಮುಳ್ಳು ಹಾರುತ್ತಿತ್ತು. ಹಾಗಾಗಿ ಬೇಬಿ ಡಾಡ್ಸ್ ಅವರಂಥ ಡ್ರಮ್ಮರ್ ಮರದ ತುಂಡುಗಳ ಮೇಲೆ ತಾಳ ಹಾಕಬೇಕಾಯಿತು. ಎರಡನೇ ಕಾರ್ನೆಟ್ ಹಿಡಿದಿದ್ದ ಇಪ್ಪತ್ತೊಂದರ ಹುಡುಗನ ನಾದ ಎಷ್ಟು ದೊಡ್ಡದಿತ್ತು ಅಂದರೆ ಅವನನ್ನು ಉಳಿದವರಿಗಿಂತ ದೂರ ನಿಲ್ಲಿಸಿದರಂತೆ. ಹುಡುಗನ ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್. ಅವನ ಮೊದಲ ಮುದ್ರಿತ ಸೋಲೋ ಆ ಏಪ್ರಿಲ್‌ನದೇ, "ಚೈಮ್ಸ್ ಬ್ಲೂಸ್" ಒಳಗೆ.

ಅದೇ ವರ್ಷ ಅಕ್ಟೋಬರಿನಲ್ಲಿ ಆ ಬ್ಯಾಂಡ್ ಮತ್ತೆ ಅಲ್ಲಿಗೆ ಹೋಯಿತು. ಆಗ ಮಾಡಿದ "ಝುಲೂಸ್ ಬಾಲ್" ಬಂದದ್ದು ಜೆನೆಟ್ 5275ನೇ ನಂಬರಿನ ತಟ್ಟೆಯಲ್ಲಿ. ಅದರ ಎಷ್ಟು ಪ್ರತಿ ಉಳಿದಿವೆ ಅಂತ ಸಂಗ್ರಾಹಕರಿಗೆ ಗೊತ್ತು: ಒಂದು. ಇವತ್ತು ನೀವು ಎಲ್ಲಿ ಕೇಳಿದರೂ ಕೇಳುವುದು ಆ ಒಂದು ತಟ್ಟೆಯನ್ನೇ. ಆ ಪ್ರತಿ ಕಾಲಿಗೆ ಸಿಕ್ಕಿ ಒಡೆದಿದ್ದರೆ ಇಡೀ ಹಾಡು ಕಂಪನಿಯ ಲೆಡ್ಜರಿನ ಒಂದು ಸಾಲಾಗಿ ಉಳಿಯುತ್ತಿತ್ತು. ಲೆಡ್ಜರಿನಲ್ಲಿ ಮಾತ್ರ ಉಳಿದ ರೆಕಾರ್ಡುಗಳೂ ಇವೆ, ಇನ್ನೂ ಹುಡುಕುತ್ತಲೇ ಇದ್ದಾರೆ. ತಟ್ಟೆ ಒತ್ತುವ ಮೂಲ ಅಚ್ಚಿನಿಂದ ಮತ್ತೆ ತೆಗೆಯಬಹುದಲ್ಲ ಅಂತೀರಾ? ಅದೇ ಬ್ಯಾಂಡನ್ನು, ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್ ಅವರನ್ನು ಮುದ್ರಿಸಿದ ಪ್ಯಾರಮೌಂಟ್ ಅನ್ನುವ ರೆಕಾರ್ಡು ಬ್ರ್ಯಾಂಡನ್ನು ನಡೆಸುತ್ತಿದ್ದದ್ದು ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಂಪನಿ. ಮುಚ್ಚಿದ ಮೇಲೆ ಅವರ ಲೋಹದ ಅಚ್ಚುಗಳು ಗುಜರಿ ಪಾಲಾದವು. ಅಲ್ಲಿಂದ ಮುಂದೆ ಇರುವುದೆಲ್ಲ ಜನರ ಮನೆಗಳಲ್ಲಿ ಉಳಿದ ತಟ್ಟೆಗಳೇ. ಎರಡನೇ ಮಹಾಯುದ್ಧ ಬಂದಾಗ ಅವುಗಳಿಗೂ ಕುತ್ತು ಬಂತು. ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ಭಾರತದಿಂದ. 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡಿಗೆ ಬಳಸುವ ಅರಗನ್ನು ಶೇ. 70ರಷ್ಟು ಕಡಿತ ಮಾಡಿತು. ಹಳೇ ರೆಕಾರ್ಡು ಕೊಟ್ಟು ಹೊಸದು ಕೊಳ್ಳಿ ಅನ್ನುವ ಪದ್ಧತಿ ಬಂತು, ಕೊಟ್ಟ ಹಳೆಯವು ಪುಡಿಯಾಗಿ ಹೊಸದರ ಹಿಟ್ಟಾದವು. ಅದರಲ್ಲಿ ಏನೇನು ಹೋಯಿತೋ.

ಪ್ರಸಿದ್ಧ ರೆಕಾರ್ಡುಗಳಿಗೆ ಈ ಮಾತು ಅನ್ವಯಿಸುವುದಿಲ್ಲ ಅಂತ ವಾದ ಮಾಡುವವರಿದ್ದಾರೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ "ಕೈಂಡ್ ಆಫ್ ಬ್ಲೂ"ಗಿಂತ ಪ್ರಸಿದ್ಧವಾದದ್ದು ಯಾವುದಿದೆ? 1959ರ ಮಾರ್ಚ್ 2ರಂದು ಅದರ ಮೊದಲ ಮೂರು ಹಾಡುಗಳನ್ನು ಮುದ್ರಿಸಿದಾಗ ಟೇಪ್ ಯಂತ್ರ ಕೊಂಚ ನಿಧಾನಕ್ಕೆ ಓಡಿತ್ತು. ಹಾಗಾಗಿ ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿ ಮಾಡಿದ ರೆಕಾರ್ಡಿನ ಮೊದಲ ಬದಿ ಕೊಂಚ ವೇಗವಾಗಿ, ಶ್ರುತಿ ಒಂದಿಷ್ಟು ಏರಿ ಕೇಳುತ್ತಿತ್ತು. 1992ರ ಮರುಮುದ್ರಣದಲ್ಲಿ ಸರಿಪಡಿಸಿದರು. ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತೆಲ್ಲ ಕೇಳಿದ್ದು, ಅದರ ಜೊತೆಗೆ ನುಡಿಸಿ ಕಲಿತದ್ದು ಆ ಏರಿದ ಶ್ರುತಿಯಲ್ಲಿ. ಸರಿಪಡಿಸಿದ್ದು ಸರಿಯೇ. ಆದರೆ ಆ ಜನ ಏನನ್ನು ಕೇಳಿದರು ಅನ್ನುವುದು ತಿಳಿಯಬೇಕಾದರೆ ಹಳೇ ರೆಕಾರ್ಡೇ ಬೇಕು.

ಸರಿ, "ಯಾಕೆ" ಅನ್ನುವುದಕ್ಕೆ ಉತ್ತರ ಆಯಿತು. ಇಷ್ಟು ವರ್ಷದಲ್ಲಿ ಯಾರೂ ಕೇಳದ, ಯಾರಾದರೂ ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆ ಬೇರೆಯೇ ಇದೆ: "ಇದರಲ್ಲಿ ಯಾರ್ಯಾರು ನುಡಿಸಿದ್ದಾರೆ?"

ಇದನ್ನು ಕೇಳಿ ನೋಡಿ, ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ. ಜಾಝ್ ಕೇಳುವುದು ಅಂದರೆ ನನ್ನ ಮಟ್ಟಿಗೆ ಇದೇ. ಬ್ಯಾಂಡಿನ ಯಜಮಾನನ ಹೆಸರು ದೊಡ್ಡಕ್ಷರದಲ್ಲಿರುತ್ತದೆ. ಆದರೆ ಅವನ ಹಿಂದೆ ಡ್ರಮ್ ಹಿಡಿದವನು ಬದಲಾದರೆ ಸಂಗೀತವೇ ಬದಲಾಗುತ್ತದೆ. ಫೋನಿನಲ್ಲಿ ಹಾಡು ಬರುತ್ತದೆ, ಒಂದು ಹೆಸರು ಬರುತ್ತದೆ, ಬಾಸ್ ನುಡಿಸಿದ್ದು ಯಾರು ಅಂತ ಎಷ್ಟೋ ಸಲ ಎಲ್ಲೂ ಇರುವುದಿಲ್ಲ. ಆರಂಭದ ರೆಕಾರ್ಡುಗಳ ಲೇಬಲ್ ಮೇಲೂ ಇರುತ್ತಿರಲಿಲ್ಲ ಅನ್ನಿ. ಅದನ್ನು ಬದಲಿಸಿದ ಗೌರವ ಸಲ್ಲುವುದು ಒಬ್ಬ ಅಂಗಡಿಯವರಿಗೆ. ನ್ಯೂಯಾರ್ಕಿನಲ್ಲಿ ಕಮೊಡೋರ್ ಅನ್ನುವ ಅಂಗಡಿ ಇಟ್ಟಿದ್ದ ಮಿಲ್ಟ್ ಗೇಬ್ಲರ್ 1930ರ ದಶಕದಲ್ಲಿ ಹಳೇ ಜಾಝ್ ರೆಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿಸಿ, ನುಡಿಸಿದ ಪ್ರತಿಯೊಬ್ಬರ ಹೆಸರನ್ನೂ ಲೇಬಲ್ ಮೇಲೆ ಹಾಕಿಸಿದರು. ಅದೇ ಕಾಲದಲ್ಲಿ, 1936ರಲ್ಲಿ, ಪ್ಯಾರಿಸ್‌ನಲ್ಲಿ ಚಾರ್ಲ್ಸ್ ಡೆಲೋನೆ ಯಾವ ರೆಕಾರ್ಡಿನಲ್ಲಿ ಯಾರಿದ್ದಾರೆ ಅನ್ನುವ ಮೊದಲ ದೊಡ್ಡ ಪಟ್ಟಿಯನ್ನು ಪುಸ್ತಕವಾಗಿ ತಂದರು. ಇದನ್ನು ಮಾಡಿದವರು ವಿಶ್ವವಿದ್ಯಾಲಯಗಳಲ್ಲ, ರೆಕಾರ್ಡು ಕಂಪನಿಗಳೂ ಅಲ್ಲ. ಹಳೇ ತಟ್ಟೆಯ ಹುಚ್ಚು ಹಿಡಿದವರು. ಲೇಬಲ್ ಓದಿ, ಬದುಕಿದ್ದ ವಾದಕರನ್ನು ಕೇಳಿ, ಒಬ್ಬರಿಗೊಬ್ಬರು ಪತ್ರ ಬರೆದು, ಜಗಳವಾಡಿ ಮಾಡಿದರು.

ಆ ಜಗಳಗಳು ಇನ್ನೂ ಮುಗಿದಿಲ್ಲ, ಅದೇ ನನಗೆ ಇಷ್ಟ. 1928ರ "ವೆಸ್ಟ್ ಎಂಡ್ ಬ್ಲೂಸ್"ನಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಜೊತೆ ಬ್ಯಾಂಜೋ ನುಡಿಸಿದವರು ಮ್ಯಾನ್ಸಿ ಕಾರ್. ಎಷ್ಟೋ ಕಡೆ ಅವರ ಹೆಸರು "ಕಾರಾ" ಅಂತ ತಪ್ಪಾಗಿ ಅಚ್ಚಾಗಿ, ಅದೇ ತಪ್ಪು ಪುಸ್ತಕದಿಂದ ಪುಸ್ತಕಕ್ಕೆ ದಾಟಿತು. 1945ರ ನವೆಂಬರ್ 26ರಂದು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ "ಕೋ-ಕೋ" ನುಡಿಸಿದಾಗ ಟ್ರಂಪೆಟ್ ಯಾರದ್ದು? ಆ ದಿನ ಬ್ಯಾಂಡಿನಲ್ಲಿ ಟ್ರಂಪೆಟ್ ಹಿಡಿದು ಬಂದಿದ್ದವರು ಹತ್ತೊಂಬತ್ತರ ಮೈಲ್ಸ್ ಡೇವಿಸ್. ಅದೇ ದಿನದ "ನೌಸ್ ದ ಟೈಮ್" ಹಾಕಿ ಕೇಳಿ. ಒಂದೊಂದೇ ಸ್ವರವನ್ನು ಎಣಿಸಿ ಇಡುವ ಮೃದುವಾದ ನಾದ. ಆಮೇಲೆ "ಕೋ-ಕೋ"ದ ಆರಂಭ ಕೇಳಿ. ಆ ಓಟದಲ್ಲಿ ಮೇಲಿನ ಸ್ವರಗಳನ್ನು ಅಷ್ಟು ಸಲೀಸಾಗಿ ಮುಟ್ಟುವವರು ಇನ್ನೊಬ್ಬ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ. ಪಿಯಾನೋದ ಮುಂದೆಯೂ ಆ ದಿನ ಗಿಲೆಸ್ಪಿ ಕೂತಿದ್ದರು, ಇನ್ನೊಬ್ಬರೂ ಕೂತಿದ್ದರು. ಎಲ್ಲಿ ಯಾರು ಅನ್ನುವುದರ ಮೇಲೆ ದಶಕಗಟ್ಟಲೆ ವಾದ ನಡೆಯಿತು. ಕಾಗದದ ಮೇಲಿನ ಹೆಸರನ್ನು ನಂಬುವ ಹಾಗೂ ಇಲ್ಲ. 1953ರಲ್ಲಿ ಟೊರಾಂಟೋದ ಮ್ಯಾಸಿ ಹಾಲ್ ಕಛೇರಿಯ ರೆಕಾರ್ಡು ಬಂದಾಗ ಅದರ ಮೇಲೆ ಆಲ್ಟೋ ಸ್ಯಾಕ್ಸೋಫೋನಿಗೆ ಇದ್ದ ಹೆಸರು "ಚಾರ್ಲಿ ಚಾನ್". ಪಾರ್ಕರ್ ಬೇರೆ ಕಂಪನಿಯ ಕರಾರಿನಲ್ಲಿದ್ದರು, ಹಾಗಾಗಿ ಸುಳ್ಳು ಹೆಸರು. ಎರಡು ನಿಮಿಷ ಕೇಳಿದರೆ ಸಾಕು, ಆ ಸ್ಯಾಕ್ಸೋಫೋನ್ ಯಾರದ್ದು ಅಂತ ಗೊತ್ತಾಗುತ್ತದೆ. ಹಾಗೆ ಕಿವಿಯಿಂದಲೇ ಗುರುತಿಸುವುದನ್ನು ನನಗೆ ಕಲಿಸಿದ್ದು ಈ ಧೂಳು ಹಿಡಿದ ಪೆಟ್ಟಿಗೆಗಳು, ಮತ್ತು ಅವುಗಳ ಸುತ್ತ ಕೂತು ನನ್ನೊಡನೆ ವಾದ ಮಾಡಿದ ಗೆಳೆಯರು.

ರೆಕಾರ್ಡನ್ನು ನಾನು ನೋಡುವ ರೀತಿಯೂ ಇದೇ ಪ್ರಶ್ನೆಯಿಂದ ಬಂದದ್ದು. ಬೆಳಕಿಗೆ ಓರೆಯಾಗಿ ಹಿಡಿದಾಗ ಗೀರು ಮಾತ್ರವಲ್ಲ, ನಡುವಿನ ತೂತಿನ ಸುತ್ತ ಕೂದಲೆಳೆಯಂಥ ಗೆರೆಗಳೂ ಕಾಣುತ್ತವೆ; ಯಾರೋ ಕತ್ತಲಲ್ಲಿ, ಅವಸರದಲ್ಲಿ, ಮತ್ತೆ ಮತ್ತೆ ರೆಕಾರ್ಡು ಹಾಕಿದಾಗ ಆದ ಗೆರೆ. ಹಾಡು ಮುಗಿದು ಲೇಬಲ್ ಶುರುವಾಗುವ ಮಧ್ಯೆ ಒಂದು ಬೆರಳಿನಷ್ಟು ಖಾಲಿ ಜಾಗ ಇರುತ್ತದೆ. 1950ರ ದಶಕದ, ಬ್ಲೂ ನೋಟ್ ಕಂಪನಿಯ ರೆಕಾರ್ಡಾದರೆ ಅಲ್ಲಿ "ಆರ್‌ವಿಜಿ" ಅಂತ ಮೂರಕ್ಷರ ಹುಡುಕುತ್ತೇನೆ. ರೂಡಿ ವ್ಯಾನ್ ಗೆಲ್ಡರ್, ಹಗಲು ಕನ್ನಡಕದ ಡಾಕ್ಟರು, ಉಳಿದ ಹೊತ್ತು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಾಲಿನಲ್ಲಿ ಜಾಝ್ ಮುದ್ರಿಸುತ್ತಿದ್ದವರು. ಅವರ ಗುರುತಿನ ಹತ್ತಿರವೇ ಕಿವಿಯ ಆಕಾರದ ಒಂದು ಸಣ್ಣ ಕೊರೆತ ಇದ್ದರೆ ಅದು ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಒತ್ತಿದ ತಟ್ಟೆ. ನುಡಿಸಿದವರು, ಮುದ್ರಿಸಿದವರು, ಒತ್ತಿದವರು, ಕೇಳಿ ಸವೆಸಿದವರು, ಎಲ್ಲರೂ ಒಂದೇ ಕಡೆ ಸಿಗುತ್ತಾರೆ.

ಫೋನು ಹಿಡಿದು ನನ್ನ ಹಿಂದೆ ನಿಲ್ಲುವವರಲ್ಲಿ ಒಂದು ಕೇಳಿಕೆ ಇದೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಹಳೇ ರೆಕಾರ್ಡುಗಳನ್ನು ಇಳಿಸುವವರು ಎಷ್ಟೋ ಸಲ ನೀವೇ. ಅರಗಿನ 78ಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ, ಅರಗು ಕರಗುತ್ತದೆ. ಒಂದರ ಮೇಲೊಂದು ಮಲಗಿಸಬೇಡಿ, ನಿಲ್ಲಿಸಿಡಿ. ಗುಜರಿಗೆ ಹಾಕುವ ಮುಂಚೆ ಲೇಬಲ್ ಮೇಲಿನ ಹೆಸರು, ನಂಬರು, ಪಕ್ಕದಲ್ಲಿ ಕೊರೆದ ಅಂಕಿ ಓದಿ ಬರೆದುಕೊಳ್ಳಿ, ಬಲ್ಲವರಿಗೆ ಕಳಿಸಿ. ಬಲ್ಲವರು ಯಾರೂ ಗೊತ್ತಿಲ್ಲದಿದ್ದರೆ ನನಗೇ ಕಳಿಸಿ. ಅದರಲ್ಲಿ ಯಾರ್ಯಾರು ನುಡಿಸಿದ್ದಾರೆ ಅಂತ ಹುಡುಕಿ ಹೇಳುತ್ತೇನೆ.